ಅಧ್ಯಕ್ಷರಿಗೆ ಒಣ ಸ್ನಾನ

ಮನೆಯಲ್ಲಿ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಏನು ತಿಂದರೂ ಮೈಗೆ ಹತ್ತದ ಜೀವ. ಅವಳಮ್ಮ ಬಟ್ಟೆ ಹೊಲಿಯುವವಳು. ಬೀದಿಯವರ ಸೊಂಟದ ಸುತ್ತಳತೆಯನ್ನೆಲ್ಲ ಬಾಯಿಪಾಠ ಇಟ್ಟುಕೊಂಡಿದ್ದ ಹೆಂಗಸು, ಮಗಳ ಅಳತೆ ತೆಗೆಯುವಾಗ ಮಾತ್ರ ಟೇಪನ್ನು ಎರಡು ಸುತ್ತು ಸುತ್ತಿ, ಇನ್ನೂ ಉಳೀತಲ್ಲ ಎಂದು ಹಂಗಿಸುತ್ತಿದ್ದಳು. ಹೆಸರಿಗೆ ತಕ್ಕ ಹಾಗೆ ಹುಡುಗಿಯ ಮಾತೂ ಅಷ್ಟೇ, ಕಡ್ಡಿ ಮುರಿದ ಹಾಗೆ. ಇಂಥವಳಿಗೆ ಗಂಡು ಸಿಗುವುದು ಕಷ್ಟ, ಕೆಲಸ ಸಿಗುವುದು ಇನ್ನೂ ಕಷ್ಟ ಎಂದು ನೆಂಟರು ಮುಂಚೆಯೇ ತೀರ್ಪು ಕೊಟ್ಟಾಗಿತ್ತು.

ಕೆಲಸ ಸಿಕ್ಕಿತು. ಒಂದು ಸೇವಾಸಂಸ್ಥೆಯಲ್ಲಿ. ಅಮ್ಮ ಹೊಲಿಗೆಯಂತ್ರದ ಮೇಲಿಂದ ಕಾಲು ತೆಗೆಯದೆ ಕೇಳಿದಳು, "ಸೇವೆ ಅಂದ್ರೆ ಅವರು ನಮಗೆ ಸಂಬಳ ಕೊಡ್ತಾರಾ, ಇಲ್ಲ ನಾವೇ ಅವರಿಗೆ ಕೊಡ್ಬೇಕಾ?"

ಸಂಸ್ಥೆ ಇದ್ದದ್ದು ಬಣ್ಣದ ಅಂಗಡಿಯ ಮಹಡಿಯ ಮೇಲೆ. ಅಂಗಡಿಯ ಯಜಮಾನರೇ ಸಂಸ್ಥೆಯ ಅಧ್ಯಕ್ಷರು. ಕೆಳಗೆ ಗೋಡೆಗೆ ಬಳಿಯುವ ಬಣ್ಣ ಮಾರುತ್ತಿದ್ದರು, ಮೇಲೆ ಬಂದು ಹೆಸರಿಗೆ ಬಳಿದುಕೊಳ್ಳುತ್ತಿದ್ದರು. ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಹಾಲು, ಹಾಲಿನ ಕೊನೆಗೆ ಅಧ್ಯಕ್ಷರ ಕೋಣೆ. ಹಾಲಿನ ಗೋಡೆ ಯಾವ ಬಣ್ಣದ್ದು ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನೆಲದಿಂದ ಸೂರಿನವರೆಗೆ ಫೋಟೋಗಳು. ಬಣ್ಣದ ಅಂಗಡಿಯವರ ಮನೆಯಲ್ಲೇ ಗೋಡೆ ಕಾಣದು ಎಂದರೆ ಸೇವೆ ಎಷ್ಟು ನಡೆದಿರಬೇಕು, ನೀವೇ ಲೆಕ್ಕ ಹಾಕಿ.

ಅಲ್ಲಿ ಫೋಟೋಕ್ಕೆ ಒಂದು ಕಟ್ಟಳೆ ಇತ್ತು. ಕೊಟ್ಟ ವಸ್ತುವಿನ ಮೇಲೆ ಅಧ್ಯಕ್ಷರ ಕೈ ಇರಬೇಕು, ಪಡೆದವರ ಮುಖದ ಮೇಲೆ ನಗು ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಸೇವೆ ನಡೆದಿಲ್ಲ ಎಂದೇ ಅರ್ಥ. ಒಬ್ಬ ಮುದುಕಿಗೆ ಕನ್ನಡಕ ಕೊಟ್ಟ ಫೋಟೋದಲ್ಲಿ ಅಧ್ಯಕ್ಷರ ಅಂಗೈ ಅವಳ ಎರಡೂ ಕಣ್ಣಿಗೆ ಅಡ್ಡ ಬಂದಿತ್ತು. ಪಾಪ, ಕಣ್ಣು ಬಂದ ದಿನ ಆಕೆ ಮೊದಲು ಕಂಡದ್ದು ದಾನಿಯ ಹಸ್ತರೇಖೆ. ಶಾಲೆಯ ಮಗುವಿಗೆ ಚೀಲ ಕೊಡುವಾಗ ಮಗು ಒಂದು ಪಟ್ಟಿ ಹಿಡಿದಿತ್ತು, ಅಧ್ಯಕ್ಷರು ಇನ್ನೊಂದು. ಫೋಟೋ ಸರಿಯಾಗಿ ಬರುವ ತನಕ ಅವರು ಬಿಡಲಿಲ್ಲ. ವಾಪಸು ಕಿತ್ತುಕೊಳ್ಳುತ್ತಿದ್ದಾರೆ ಎಂದುಕೊಂಡು ಮಗು ಲಬೋ ಲಬೋ ಎಂದು ಅತ್ತಿತು.

ಹೀಗೆ ಅಳುವವರನ್ನು ನಗಿಸುವುದಕ್ಕೆ ಅಂತಲೇ ಕಡ್ಡಿಯನ್ನು ತೆಗೆದುಕೊಂಡದ್ದು. ಫೋಟೋದವನ ಹಿಂದೆ ನಿಂತು ಏನಾದರೂ ಮಾಡಿ ಎದುರಿನವರ ಹಲ್ಲು ಕಾಣಿಸಬೇಕು. ಅವಳು ಮೂಗು ಸೊಟ್ಟ ಮಾಡುತ್ತಿದ್ದಳು, ಅಧ್ಯಕ್ಷರು ಬೆನ್ನು ತಿರುಗಿಸಿದ ಕೂಡಲೇ ಅವರ ನಡಿಗೆಯನ್ನು ನಡೆದು ತೋರಿಸುತ್ತಿದ್ದಳು. ಆ ವರ್ಷ ಜನ ಮನಸಾರೆ ನಕ್ಕ ಫೋಟೋ ಬಂದವು. ಅಧ್ಯಕ್ಷರು ಅದನ್ನು ತಮ್ಮ ಸೇವೆಯ ಗುಣ ಎಂದುಕೊಂಡರು.

ಅಲ್ಲಿ ಬಡ್ತಿ ಎಂದರೆ ಇಷ್ಟೇ. ಬಿಟ್ಟುಹೋದವರ ಕೆಲಸ ಇದ್ದವರ ತಲೆಗೆ ಬೀಳುವುದು. ವರ್ಷದ ಪುಸ್ತಕ ತಯಾರಿಸುವವನು ಬಿಟ್ಟುಹೋದ, ಪುಸ್ತಕ ಕಡ್ಡಿಯ ತಲೆಗೆ ಬಿತ್ತು. ಕಸ ಗುಡಿಸುವವಳು ಬಿಟ್ಟುಹೋದಳು, ಪೊರಕೆ ಬಿತ್ತು. ಅವಳು ಸಂಸ್ಥೆಯಲ್ಲಿ ಮೇಲೆ ಮೇಲೆ ಹೋಗುತ್ತಿದ್ದ ವೇಗ ನೋಡಿ ಅಮ್ಮನಿಗೇ ಗಾಬರಿ. ಕೊನೆಗೆ ಸ್ನಾನದ ವ್ಯಾನಿನಲ್ಲಿ ಒಬ್ಬ ಹೆಂಗಸು ಕೆಲಸ ಬಿಟ್ಟಳು. ಅದೂ ಬಿತ್ತು.

ಸಂಸ್ಥೆ ಮಾಡುತ್ತಿದ್ದ ಹತ್ತಾರು ಸೇವೆಗಳಲ್ಲಿ ಈ ಸ್ನಾನವೂ ಒಂದು. ಹಾಸಿಗೆ ಹಿಡಿದವರ ಮನೆಗೆ ವ್ಯಾನಿನಲ್ಲಿ ಹೋಗಿ ಮೈ ತೊಳೆದು, ಹಾಸಿಗೆ ಬದಲಿಸಿ ಬರುವುದು. ಯಾರೋ ಪುಣ್ಯಾತ್ಮರು ಹಿಂದೆ ಶುರುಮಾಡಿದ್ದರು, ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ಅದನ್ನು ನಡೆಸುತ್ತಿದ್ದವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ಗಂಡಾಳಿನ ಹಾಗೆ ತೋಳು, ಕಾಗೆಯ ಹಾಗೆ ಬಾಯಿ.

ಮೊದಲ ದಿನ ಕಡ್ಡಿ ಹೋದದ್ದು ಒಬ್ಬ ಮೇಷ್ಟ್ರ ಮನೆಗೆ. ಪ್ರೌಢಶಾಲೆಯ ಹೆಡ್‌ಮಾಸ್ಟರಾಗಿದ್ದವರು. ಪಾರ್ಶ್ವವಾಯು ಬಡಿದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಮನೆಯಲ್ಲಿ ಇದ್ದದ್ದು ಅವರ ತಂಗಿ, ಆಕೆಗೂ ವಯಸ್ಸಾಗಿತ್ತು, ಅಣ್ಣನನ್ನು ಮಗ್ಗುಲು ಬದಲಿಸುವ ಶಕ್ತಿಯೂ ಇರಲಿಲ್ಲ. ಕೋಣೆಗೆ ಹೊಕ್ಕ ಕೂಡಲೇ ನೀರಕ್ಕ ಬಾಗಿಲ ಅಗುಳಿ ಹಾಕಿದಳು, ಕಿಟಕಿಯ ಪರದೆ ಎಳೆದಳು, ಹಾಸಿಗೆಯ ಮೇಲೆ ರಬ್ಬರ್ ಹಾಳೆ ಸರಿಸಿದಳು. ಒಂದು ಕೈ ತೊಳೆಯುವಾಗ ಉಳಿದ ಮೈಯೆಲ್ಲ ಟವೆಲಿನ ಕೆಳಗೆ. ಬೆನ್ನಿಗೆ ಬಂದಾಗ ಹೊಟ್ಟೆಗೆ ಮುಚ್ಚಿಗೆ. ಇಡೀ ಸ್ನಾನದಲ್ಲಿ ಆ ಮನುಷ್ಯ ಒಮ್ಮೆಯೂ ಪೂರ್ತಿ ಬೆತ್ತಲೆಯಾಗಲಿಲ್ಲ. ಆದರೂ ಮುಗಿಯುವ ತನಕ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಕಡ್ಡಿ ಅಭ್ಯಾಸಬಲದಿಂದ ಕಣ್ಣು ಮುಚ್ಚಿದವರ ಎದುರೂ ಮೂಗು ಸೊಟ್ಟ ಮಾಡಿ ನಗಿಸಲು ಹೋದಳು. ನೀರಕ್ಕ ಅವಳ ಮೊಣಕೈಗೆ ಚಿವುಟಿದಳು.

"ಇಲ್ಲಿ ನಗಿಸೋ ಕೆಲಸ ಇಲ್ಲ ಕಣೇ. ನೋಡದೆ ಇರೋ ಕೆಲಸ."

ಒಣಗಿದ ಬಟ್ಟೆ ತೊಡಿಸಿ, ತಲೆ ಬಾಚಿ ಆದ ಮೇಲೆ ಮೇಷ್ಟ್ರು ಕಣ್ಣು ಬಿಟ್ಟು, ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿ, ಈ ಹುಡುಗಿಗೆ ಮೊದಲು ಯಾರಾದರೂ ಊಟ ಹಾಕಿ ಎಂದರು. ಬಾಯಿ ಸೊಟ್ಟಗಾಗಿದ್ದರೂ ತರಗತಿಯ ದನಿ ಹಾಗೇ ಇತ್ತು. ಅವತ್ತಿನಿಂದ ಕಡ್ಡಿಗೆ ಬೇರೆ ಯಾವ ಕೆಲಸ ತಪ್ಪಿದರೂ ಸ್ನಾನದ ಪಾಳಿ ತಪ್ಪಲಿಲ್ಲ. ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ, ಅಲ್ಲಿ ಮಾತ್ರ ನಾವು ಹೋದಾಗ ಜನ ಒಂದು ಥರ ಇರ್ತಾರೆ, ನಾವು ಬರುವಾಗ ಇನ್ನೊಂದು ಥರ ಇರ್ತಾರೆ, ಉಳಿದ ಕಡೆ ಹೋದಾಗಲೂ ಬರುವಾಗಲೂ ಒಂದೇ ಎಂದಳಂತೆ.

ಇನ್ನು ತೊಂದರೆಗೆ ಬರೋಣ. ಸಂಸ್ಥೆಗೆ ಹಣ ಕೊಡುತ್ತಿದ್ದದ್ದು ದೂರದ ಪಟ್ಟಣದ ಒಂದು ದೊಡ್ಡ ದಾನಿಮಂಡಳಿ. ವರ್ಷದ ಪುಸ್ತಕ ಅವರಿಗೆ ಹೋಗಬೇಕು, ಅದರಲ್ಲಿ ಒಂದೊಂದು ಸೇವೆಗೆ ಒಂದೊಂದು ಪುಟ, ಪುಟದ ತುಂಬ ಫೋಟೋ. ಸ್ನಾನದ ಪುಟ ಮಾತ್ರ ವರ್ಷ ವರ್ಷವೂ ಬೋಳು. ಬೆತ್ತಲೆ ಮುದುಕರ ಫೋಟೋ ಹಾಕುವುದು ಹೇಗೆ? ಮುಚ್ಚಿಕೊಂಡ ಬಾಗಿಲಿನ ಫೋಟೋ ಹಾಕಿದರೆ ಅದು ಸೇವೆ ಹೇಗಾದೀತು? ಎಲ್ಲಕ್ಕಿಂತ ಮುಖ್ಯವಾಗಿ, ವಸ್ತುವಿನ ಮೇಲೆ ಕೈ ಇಡುವುದಾದರೂ ಎಲ್ಲಿ?

ಅಧ್ಯಕ್ಷರು ಸಭೆ ಕರೆದರು. ಸಭೆ ಎಂದರೆ ಮೂರು ಜನ. ಅಧ್ಯಕ್ಷರು, ಉಪಾಧ್ಯಕ್ಷೆಯಾಗಿದ್ದ ಹಲ್ಲಿನ ಡಾಕ್ಟರ ಹೆಂಡತಿ, ಖಜಾಂಚಿಯಾಗಿದ್ದ ವಕೀಲರು. ಉಪಾಧ್ಯಕ್ಷೆಗೂ ವಕೀಲರಿಗೂ ಎಣ್ಣೆ ಸೀಗೇಕಾಯಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇವರಲ್ಲಿ ಯಾರು ಎತ್ತು ಯಾರು ಕೋಣ ಎನ್ನುವುದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ. ಇಬ್ಬರ ಕಣ್ಣೂ ಅಧ್ಯಕ್ಷರ ಕುರ್ಚಿಯ ಮೇಲೆ. ಇಬ್ಬರೂ ಒಂದಾಗುತ್ತಿದ್ದದ್ದು ಅಧ್ಯಕ್ಷರು ಏನಾದರೂ ಹೇಳಿದಾಗ ತಲೆಯಾಡಿಸುವುದರಲ್ಲಿ.

ಅಧ್ಯಕ್ಷರ ತೀರ್ಮಾನ ಹೀಗಿತ್ತು. ಕಾಣದ್ದು ನಡೆಯದ್ದಕ್ಕೆ ಸಮ. ಆದ್ದರಿಂದ ಸ್ನಾನವನ್ನು ನಿಲ್ಲಿಸತಕ್ಕದ್ದು. ವ್ಯಾನಿಗೆ ಧ್ವನಿವರ್ಧಕ ಕಟ್ಟಿ ಬೀದಿ ಬೀದಿಯಲ್ಲಿ ಶುಚಿತ್ವದ ಬಗ್ಗೆ ತಿಳಿವಳಿಕೆ ಕೊಡತಕ್ಕದ್ದು. ಹಾಸಿಗೆಯಿಂದ ಏಳಲಾರದವರಿಗೆ ಮಲಗಿದಲ್ಲಿಗೇ ಕೇಳಿಸುತ್ತದೆ, ಅದೊಂದು ಅನುಕೂಲ. ಇಬ್ಬರೂ ತಲೆಯಾಡಿಸಿದರು.

ಟೀ ಲೋಟ ಎತ್ತಲು ಬಂದ ಕಡ್ಡಿ, ಹಾಗಾದರೆ ಅವರ ಮೈ ತೊಳೆಯುವವರು ಯಾರು ಎಂದು ಕೇಳಿದಳು. ಟೀ ಲೋಟ ಎತ್ತುವವರು ಕೇಳುವ ಪ್ರಶ್ನೆ ಅಲ್ಲ ಅದು. ಆದರೂ ಅಧ್ಯಕ್ಷರು ಧಾರಾಳಿ. ವರ್ಷದ ಪುಸ್ತಕ ಅಚ್ಚಾಗುವುದರೊಳಗೆ ಸ್ನಾನದ ಒಂದು ಒಳ್ಳೆಯ ಫೋಟೋ ತಂದರೆ ಸೇವೆಯೂ ಉಳಿಯುತ್ತದೆ, ಅವಳನ್ನು ಮೇಲ್ವಿಚಾರಕಿಯನ್ನಾಗಿಯೂ ಮಾಡುತ್ತೇನೆ, ಕೂರಲು ಸ್ವಂತ ಮೇಜು ಕೊಡುತ್ತೇನೆ ಎಂದರು. "ನಗು ಇರ್ಬೇಕಮ್ಮಾ," ಎಂದು ನೆನಪಿಸಿದರು.

ಕಡ್ಡಿಗೆ ಅತ್ತ ದರಿ, ಇತ್ತ ಪುಲಿ. ಅಮ್ಮನಿಗೆ ಮಾತ್ರ ಮೇಜಿನ ವಿಷಯ ಕೇಳಿಯೇ ಕಣ್ಣು ಅರಳಿತು. ಅವಳ ಮನೆತನದಲ್ಲಿ ಮೇಜಿನ ಹಿಂದೆ ಕೂತವರು ಯಾರೂ ಇರಲಿಲ್ಲ, ಎಲ್ಲರೂ ಮುಂದೆ ನಿಂತವರೇ. ಒಂದು ಫೋಟೋ ತಾನೇ, ಮುದುಕರಿಗೆ ಏನು ಮದುವೆ ಮಾಡ್ಬೇಕಾ ಎಂದಳು. ನೀರಕ್ಕನೂ ಬೇಡ ಎನ್ನಲಿಲ್ಲ. ಕೆಲಸ ನಿಂತರೆ ಅವಳ ಮನೆಯ ಒಲೆಯೂ ನಿಲ್ಲುತ್ತಿತ್ತು. ಮೇಷ್ಟ್ರನ್ನೇ ಕೇಳು, ಓದಿದವರು, ಅರ್ಥಮಾಡ್ಕೋತಾರೆ ಎಂದಳು.

ಕೇಳಿದಳು. ತಂಗಿ ಬಾಗಿಲ ಬಳಿ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು.

"ತೆಗಿ," ಎಂದರು ಮೇಷ್ಟ್ರು.

"ಬೇಡ ಅನ್ಸಿದ್ರೆ ಬೇಡ ಅನ್ನಿ ಸಾರ್."

"ಬೇಡ ಅಂದ್ರೆ ಮುಂದಿನ ವಾರ ಯಾರಮ್ಮ ಬರ್ತಾರೆ?" ಎಂದವರೇ, "ಕನ್ನಡಕ ಹಾಕ್ಕೊಳ್ಳಲಾ? ಕನ್ನಡಕ ಇಲ್ದಿದ್ರೆ ಹುಡುಗರಿಗೆ ಗುರುತು ಸಿಗಲ್ಲ," ಎಂದರು. ಮತ್ತೆ ತಾವೇ ಯೋಚಿಸಿ, "ಬೇಡ ಬಿಡು. ಸಿಗದೆ ಇದ್ರೇನೆ ಒಳ್ಳೇದು," ಎಂದರು.

ಕ್ಯಾಮೆರಾದವನು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಕಡ್ಡಿ ಹೊರಗೆ ಹೋಗಿ, ಒಳಗೆ ಬೆಳಕು ಸಾಲದು, ಮನೆಗೆ ಹೋಗು ಎಂದು ಅವನನ್ನು ಕಳಿಸಿಬಿಟ್ಟಳು. ಕೋಣೆಯ ಕಿಟಕಿಗೆ ನೇರ ಬಿಸಿಲು ಹೊಡೆಯುತ್ತಿತ್ತು. ಅವನು ಕಿಟಕಿ ನೋಡಿದ, ಅವಳ ಮುಖ ನೋಡಿದ, ಬಾಯಿ ಮುಚ್ಚಿಕೊಂಡು ಹೋದ.

ಮಾರನೆಯ ದಿನ ಅವಳು ಅಧ್ಯಕ್ಷರ ಕೋಣೆಗೆ ಹೋಗಿ ಹೇಳಿದ್ದು ಇಷ್ಟು. ರೋಗಿಗಳ ಮುಖದಲ್ಲಿ ಕಳೆ ಇರುವುದಿಲ್ಲ. ದಾನಿಗಳಿಗೆ ಅವರ ಪರಿಚಯವೂ ಇಲ್ಲ. ನಾಲ್ಕು ಜನ ಬಲ್ಲ ಮುಖ ಹಾಸಿಗೆಯ ಮೇಲಿದ್ದರೆ ಫೋಟೋಕ್ಕೆ ಒಂದು ತೂಕ. ಅಂಥ ಮುಖ ಊರಿನಲ್ಲಿ ಯಾರದಿದೆ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಧ್ಯಕ್ಷರು ಆಗಲೇ ಕನ್ನಡಿಯ ಕಡೆ ತಿರುಗಿದ್ದರು.

ಇದನ್ನು ಅವಳು ಬೇಕೆಂದೇ ಮಾಡಿದಳೋ, ಮೇಷ್ಟ್ರನ್ನು ತಪ್ಪಿಸುವ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಹೇಳಿದಳೋ, ಊರಿನಲ್ಲಿ ಇವತ್ತಿಗೂ ಎರಡು ಪಂಗಡ ಇದೆ. ಬೇಕೆಂದೇ ಎನ್ನುವವರಿಗೆ ಅವಳು ಗೊತ್ತಿಲ್ಲ. ಅಲ್ಲ ಎನ್ನುವವರಿಗೆ ಅಧ್ಯಕ್ಷರು ಗೊತ್ತಿಲ್ಲ.

ಫೋಟೋ ತೆಗೆದದ್ದು ಸಂಸ್ಥೆಯ ಹಾಲಿನಲ್ಲೇ. ಎರಡು ಮೇಜು ಜೋಡಿಸಿ ಹಾಸಿಗೆ ಹಾಸಿದರು. ಅಧ್ಯಕ್ಷರು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಮಲಗಿದರು. ಅಂಗಿ ಬಿಚ್ಚಬೇಕಾಗುತ್ತದೆ ಎಂದು ನೀರಕ್ಕ ಸೂಚಿಸಿದ್ದಕ್ಕೆ, ಸಭ್ಯತೆ ಬೇಡವೇ ಎಂದರು. ಎದೆಯವರೆಗೆ ದುಪ್ಪಟಿ ಹೊದಿಸಿದರು. ಅಂಗಿ ನೆನೆಯಬಾರದೆಂದು ಬಕೆಟಿಗೆ ನೀರು ಹಾಕಲಿಲ್ಲ. ಸೋಪು ಒದ್ದೆಯಾದರೆ ಜಾರುತ್ತದೆಂದು ಸೋಪಿನ ಕಾಗದವನ್ನೂ ಬಿಚ್ಚಲಿಲ್ಲ. ಉಪಾಧ್ಯಕ್ಷೆ ಇದ್ದಬದ್ದ ಒಡವೆ ಹೇರಿಕೊಂಡು ಬಂದು ಟವೆಲು ಹಿಡಿದು ನಿಂತರು. ಅವರು ನಿಂತ ಮೇಲೆ ವಕೀಲರು ಬಿಟ್ಟಾರೆಯೇ, ಸೋಪು ಹಿಡಿದು ಇನ್ನೊಂದು ಪಕ್ಕಕ್ಕೆ ನಿಂತರು. ನಡುವೆ ಮಗ್ಗು ಬಗ್ಗಿಸಿದ ಒಂದು ತೆಳ್ಳಗಿನ ಕೈ ಮಾತ್ರ ಕಾಣುತ್ತದೆ, ಅದು ಕಡ್ಡಿಯದು. ಒಣ ಮಗ್ಗಿನಿಂದ ಅಧ್ಯಕ್ಷರ ಮೇಲೆ ಸುರಿದದ್ದು ಬರಿಯ ಗಾಳಿ.

ವಸ್ತುವಿನ ಮೇಲೆ ಕೈ ಇರಬೇಕೆಂಬ ಕಟ್ಟಳೆಯಂತೆ ಅಧ್ಯಕ್ಷರು ಬಕೆಟಿನ ಅಂಚನ್ನು ಹಿಡಿದುಕೊಂಡರು.

"ಸಾರ್, ನೀವು ಕಾಯಿಲೆಯವರು. ಮುಖ ಸ್ವಲ್ಪ ಇಳಿಸಿ," ಎಂದ ಕ್ಯಾಮೆರಾದವನು.

ಅಧ್ಯಕ್ಷರು ಕಾಲೇಜಿನ ದಿನಗಳಲ್ಲಿ ನಾಟಕ ಆಡಿದವರು. ಕೆನ್ನೆ ಒಳಗೆಳೆದರು, ಕಣ್ಣು ಅರ್ಧ ಮುಚ್ಚಿದರು, ತುಟಿಯ ಒಂದು ಕೊನೆಯಲ್ಲಿ ಎಲ್ಲವನ್ನೂ ಸಹಿಸಿಕೊಂಡ ಸಣ್ಣ ನಗು ತಂದರು. ಎಷ್ಟು ಚೆನ್ನಾಗಿ ತಂದರೆಂದರೆ ಉಪಾಧ್ಯಕ್ಷೆಯ ಮುಖದಲ್ಲಿ ನಿಜವಾಗಿಯೂ ಆಸೆ ಚಿಗುರಿತು.

ಫೋಟೋ ಪುಸ್ತಕಕ್ಕೆ ಹೋಯಿತು. ಅದು ಸಾಲದು ಎಂದು ಅಧ್ಯಕ್ಷರು ಅದನ್ನು ದೊಡ್ಡದು ಮಾಡಿಸಿ, ಬಸ್ಸು ನಿಲ್ದಾಣದ ಎದುರು ಫಲಕ ಹಾಕಿಸಿದರು. ಮೇಲೆ ಬರೆಸಿದ್ದರು, ಹಾಸಿಗೆ ಹಿಡಿದವರಿಗೆ ನಾವಿದ್ದೇವೆ.

ಊರಿನವರು ಓದಿದರು. ಅಧ್ಯಕ್ಷರು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದುಕೊಂಡರು. ಬರೆದದ್ದನ್ನೇ ಓದಿದ ಜನರದ್ದು ಏನು ತಪ್ಪು?

ಮಾರನೆಯ ಬೆಳಿಗ್ಗೆ ಕ್ಷೌರದವನು ಪೆಟ್ಟಿಗೆ ಹಿಡಿದು ಮನೆ ಬಾಗಿಲಿಗೇ ಬಂದ, ಇನ್ನು ಮೇಲೆ ಅಂಗಡಿಗೆ ಬರುವ ಶ್ರಮ ಬೇಡ ಎಂದು. ಬಾಗಿಲು ತೆರೆದದ್ದು ಸ್ವತಃ ಅಧ್ಯಕ್ಷರು. ಅವನು ಅವರನ್ನು ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದ. ಹೊಸ ಕಟ್ಟಡಕ್ಕೆ ಬಣ್ಣ ಕೊಳ್ಳಲು ಒಪ್ಪಿದ್ದ ಗಿರಾಕಿ, ಈ ಸ್ಥಿತಿಯಲ್ಲಿ ನಿಮಗೆ ತೊಂದರೆ ಕೊಡುವುದಿಲ್ಲ ಎಂದು ಎದುರಿನ ಅಂಗಡಿಗೆ ಹೋದ. ಬೇರೆ ಊರಿನಲ್ಲಿದ್ದ ಅವರ ಅಕ್ಕ ಪೆಟ್ಟಿಗೆ ಸಮೇತ ಬಂದಿಳಿದು, ಗೇಟಿನಿಂದಲೇ ಗೋಳಾಡಿದಳು. ಎದುರಿಗೇ ತಮ್ಮ ಗುಂಡುಕಲ್ಲಿನ ಹಾಗೆ ನಿಂತಿದ್ದಾನೆ. ನನಗೇನೂ ಆಗಿಲ್ಲ ಅಕ್ಕಾ ಎಂದರೆ, "ಎಲ್ಲಾ ರೋಗಿಗಳೂ ಹಾಗೇ ಅನ್ನೋದು. ನಿಂತ್ಕೋಬೇಡ, ಮಲ್ಕೋ," ಎಂದು ಗದರಿಸಿದಳು. ಅವರು ಜೋರಾಗಿ ನಕ್ಕು ತೋರಿಸಿದರು. ಪಾಪ, ತಲೆಗೂ ಏರಿದೆ ಎಂದರು ಪಕ್ಕದ ಮನೆಯವರು. ಬೀದಿಯಲ್ಲಿ ವೇಗವಾಗಿ ನಡೆದು ತೋರಿಸಿದರು. ಆರುವ ದೀಪ ಹೀಗೇ ಉರಿಯುವುದು ಎಂದರು ಎದುರು ಮನೆಯವರು.

ಅಷ್ಟರಲ್ಲಿ ದಾನಿಮಂಡಳಿಯಿಂದ ಫೋನು ಬಂತು. ಎತ್ತಿದ್ದು ವಕೀಲರು. ಆ ಕಡೆಯವರು ಅಳುತ್ತಿದ್ದರಂತೆ. ಇಷ್ಟು ವರ್ಷ ಊರಿಗೆಲ್ಲ ಸೇವೆ ಮಾಡಿದವರು, ತಮಗೇ ಹೀಗಾದಾಗ ದೊಡ್ಡ ಆಸ್ಪತ್ರೆಗೆ ಹೋಗದೆ, ನಾಚಿಕೆಪಡದೆ ತಮ್ಮ ಸಂಸ್ಥೆಯ ಸೇವೆಯನ್ನೇ ಪಡೆದರಲ್ಲ, ಇಂಥ ಇನ್ನೊಬ್ಬರನ್ನು ತಾವು ಕಂಡಿಲ್ಲ ಎಂದರಂತೆ. ಸ್ನಾನದ ಸೇವೆಗೆ ಕೊಡುವುದನ್ನು ಹೆಚ್ಚಿಸುವುದಾಗಿಯೂ ಹೇಳಿದರು. ಕೊನೆಗೆ ಒಂದು ಮಾತು ಕೇಳಿದರು. ಈಗ ಅಧಿಕಾರ ವಹಿಸಿಕೊಂಡವರು ಯಾರು? ಯುವಜನರಾದರೆ ಸಂತೋಷ, ಹೆಣ್ಣುಮಕ್ಕಳಾದರೆ ಇನ್ನೂ ಸಂತೋಷ.

ಯಾರೆಂದು ತೀರ್ಮಾನಿಸಲು ಹಾಲಿನಲ್ಲಿ ಸಭೆ ಸೇರಿತು. ಅಧ್ಯಕ್ಷರು ಕಬ್ಬಿಣದ ಮೆಟ್ಟಿಲನ್ನು ದಡದಡ ಹತ್ತಿ ಬಂದರು. ಉಪಾಧ್ಯಕ್ಷೆ ಎದ್ದು ಒಂದು ತೋಳು ಹಿಡಿದರು, ವಕೀಲರು ಇನ್ನೊಂದು. ಅವರು ಕೊಡವಿಕೊಂಡರು. ಸಿಟ್ಟು ಮಾಡ್ಕೋಬೇಡಿ ಸಾರ್, ಎದೆಗೆ ಒಳ್ಳೇದಲ್ಲ ಎಂದರು ಇಬ್ಬರೂ. ಇವರಿಗೆ ನಿಜ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಟವೆಲು ಹಿಡಿದವರು ಒಬ್ಬರು, ಸೋಪು ಹಿಡಿದವರು ಒಬ್ಬರು. ಆದರೆ ಊರೆಲ್ಲ ಒಂದು ಮಾತು ಹೇಳುವಾಗ ಕುರ್ಚಿಯ ಆಸೆಯವರಿಗೆ ತಮ್ಮ ಕಣ್ಣಿನ ಮೇಲೇ ಅನುಮಾನ ಬರುವುದು ಸಹಜ. ಗಾಳಿ ಬಂದಾಗ ತೂರಿಕೊಂಡರು.

ಅಧ್ಯಕ್ಷರು ಮೇಜು ಗುದ್ದಿದರು. ತಾನು ಗಟ್ಟಿಮುಟ್ಟಾಗಿದ್ದೇನೆ, ಕುರ್ಚಿ ಬಿಡುವ ಮಾತೇ ಇಲ್ಲ, ಈ ಅನರ್ಥಕ್ಕೆಲ್ಲ ಮೂಲ ಆ ಸ್ನಾನ, ಅದನ್ನು ಇವತ್ತೇ ನಿಲ್ಲಿಸುತ್ತೇನೆ, ನಾಳೆಯೇ ವ್ಯಾನಿಗೆ ಧ್ವನಿವರ್ಧಕ ಎಂದರು. ಸಾಕ್ಷಿ ಹೇಳಲು ಕಡ್ಡಿಯನ್ನು ಕರೆಸಿದರು.

ಅವಳು ಬಂದು ಬಾಗಿಲಲ್ಲಿ ನಿಂತಳು. ಅವರು ಗಟ್ಟಿಯಾಗಿದ್ದಾರೆ ಎಂದರೆ ಅವರ ಕುರ್ಚಿ ಅವರಿಗೆ ವಾಪಸು, ಮೇಷ್ಟ್ರ ಕೋಣೆಗೆ ಮುಂದಿನ ವಾರ ಹೋಗುವವರಿಲ್ಲ. ಗೊತ್ತಿಲ್ಲ ಎಂದರೆ ಸಾಕು, ಅಥವಾ ಸ್ವಲ್ಪ ಕೆಮ್ಮುತ್ತಿದ್ದರು ಎಂದರೂ ಸಾಕು, ಸ್ನಾನ ಉಳಿಯುತ್ತದೆ. ಒಂದು ಸಣ್ಣ ಸುಳ್ಳು. ಆ ಹಾಲಿನ ಗೋಡೆಗಳ ಮೇಲೆ ಅದಕ್ಕಿಂತ ದೊಡ್ಡವು ಕಟ್ಟು ಹಾಕಿಸಿಕೊಂಡು ತೂಗಾಡುತ್ತಿದ್ದವು. ಉಪಾಧ್ಯಕ್ಷೆ ಅವಳ ಕಡೆ ನೋಡಿ ಹುಬ್ಬು ಹಾರಿಸಿದರು. ವಕೀಲರು ಗಂಟಲು ಸರಿಮಾಡಿಕೊಂಡರು.

ಕಡ್ಡಿ ಹೇಳಿದಳು. "ಸಾರ್‌ಗೆ ಏನೂ ಆಗಿಲ್ಲ. ಬಕೆಟ್‌ನಲ್ಲಿ ನೀರು ಇರ್ಲಿಲ್ಲ. ಸೋಪು ಬಿಚ್ಚಿರ್ಲಿಲ್ಲ. ಅವರಿಗೆ ಯಾರೂ ಸ್ನಾನ ಮಾಡಿಸಿಲ್ಲ."

ಅಧ್ಯಕ್ಷರು ಗೆದ್ದವರ ಹಾಗೆ ಕುರ್ಚಿಗೆ ಒರಗಿದರು. ಕಡ್ಡಿಯ ಕಣ್ಣು ತುಂಬಿ ಬಂತು. ಆದರೂ ಅಲ್ಲೇ ನಿಂತಿದ್ದಳು.

ವಕೀಲರು ಮಾತ್ರ ಪೆನ್ನು ಕೆಳಗಿಟ್ಟರು. ನಿಧಾನಕ್ಕೆ, ಜಾರುವ ಕಲ್ಲಿನ ಮೇಲೆ ಕಾಲಿಡುವವರ ಹಾಗೆ ಮಾತು ಶುರುಮಾಡಿದರು. "ಸರಿ. ನಿಮಗೆ ಏನೂ ಆಗಿಲ್ಲ ಅಂತ ಬರ್ಕೋತೀನಿ. ಹಾಗಾದ್ರೆ ಆ ಫೋಟೋ ಏನು ಅಂತ ಬರ್ಕೊಳ್ಳಲಿ?"

ಕೆಳಗಿನ ಅಂಗಡಿಯಲ್ಲಿ ಬಣ್ಣ ಕಲಸುವ ಯಂತ್ರದ ಸದ್ದು ಮೇಲೆ ಬರುತ್ತಿತ್ತು.

"ದಾನಿಗಳಿಗೆ ಕಳಿಸಿದೀವಿ. ಹಾಸಿಗೆ ಹಿಡಿದವರಿಗೆ ಸೇವೆ ಅಂತ ಕೆಳಗೆ ಅಚ್ಚಾಗಿದೆ. ಅವರು ಅತ್ತೂ ಆಗಿದೆ," ಎಂದರು ವಕೀಲರು. "ಈಗ ಅದು ಸುಳ್ಳು ಅಂತಾದ್ರೆ, ಉಳಿದ ಫೋಟೋಗಳೂ ಏನು ಅಂತ ಕೇಳ್ತಾರೆ."

ಮೂವರೂ ಒಟ್ಟಿಗೆ ಗೋಡೆಯ ಕಡೆ ನೋಡಿದರು. ನೆಲದಿಂದ ಸೂರಿನವರೆಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಉಪಾಧ್ಯಕ್ಷೆ ತಮ್ಮ ಕತ್ತಿನ ಸರ ಮುಟ್ಟಿಕೊಂಡರು. ಆ ಸರ ಫೋಟೋದಲ್ಲಿ ಬಹಳ ಚೆನ್ನಾಗಿ ಬಂದಿತ್ತು. ಅವರು ಕುರ್ಚಿ ಹತ್ತಿರ ಎಳೆದುಕೊಂಡು, ತಾಯಿ ಮಗುವನ್ನು ಕೇಳುವ ದನಿಯಲ್ಲಿ ಕೇಳಿದರು. "ಸಾರ್, ನಿಜ ಹೇಳಿ. ನಿಮಗೆ ಸುಸ್ತು ಅಂತ ಅನ್ಸೋದೇ ಇಲ್ವಾ? ಒಂಚೂರೂ?"

"ಇಲ್ಲ."

"ಮಂಡಿ ನೋವು?"

ಅಧ್ಯಕ್ಷರ ಬಾಯಿಗೆ ಬಿಸಿ ತುಪ್ಪ ಬಿದ್ದಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಗೋಡೆಯ ಕಡೆ ಇನ್ನೊಮ್ಮೆ ನೋಡಿದರು. "ಮೆಟ್ಟಿಲು ಹತ್ತುವಾಗ ಎಡಗಡೆ ಒಂಥರಾ ಚುಚ್ಚುತ್ತೆ," ಎಂದರು ಕೊನೆಗೆ.

"ಅಷ್ಟು ಸಾಕು," ಎಂದರು ವಕೀಲರು, ಪೆನ್ನು ಎತ್ತಿಕೊಂಡು.

ಹೀಗೆ ಆ ಸಭೆ ಒಮ್ಮತದಿಂದ ಅಧ್ಯಕ್ಷರಿಗೆ ಕಾಯಿಲೆ ಮಂಜೂರು ಮಾಡಿತು. ಸಂಸ್ಥೆಯ ಚರಿತ್ರೆಯಲ್ಲಿ ಎತ್ತೂ ಕೋಣವೂ ಒಂದೇ ಕಡೆಗೆ ಎಳೆದದ್ದು ಅದೇ ಮೊದಲು. ಮುಂದಿನ ಮಾತಿಗೆ ಮತ್ತೆ ಬೇರೆಯಾದವು. ಕುರ್ಚಿಗೆ ಯಾರು? ಉಪಾಧ್ಯಕ್ಷೆ ಎಂದರೆ ವಕೀಲರು ರಾಜೀನಾಮೆ, ವಕೀಲರು ಎಂದರೆ ಉಪಾಧ್ಯಕ್ಷೆ ರಾಜೀನಾಮೆ. ಅಧ್ಯಕ್ಷರೋ, ತಾನು ಬಿಟ್ಟ ಕುರ್ಚಿ ಇವರಿಬ್ಬರಿಗೆ ಸಿಗುವುದಕ್ಕಿಂತ ಅದನ್ನು ಮುರಿದು ಒಲೆಗೆ ಹಾಕುವುದು ಮೇಲು ಎಂದು ಕೂತರು. ಜಗಳ ಊಟದ ಹೊತ್ತು ದಾಟಿತು. ಹಸಿವು ದೊಡ್ಡ ದೊಡ್ಡ ತೀರ್ಮಾನಗಳ ತಾಯಿ. ಬಾಗಿಲಲ್ಲಿ ಇನ್ನೂ ನಿಂತಿದ್ದ ಹುಡುಗಿಯ ಮೇಲೆ ಮೂವರ ಕಣ್ಣೂ ಬಿತ್ತು. ಚಿಕ್ಕ ವಯಸ್ಸು, ಹೆಣ್ಣುಮಗಳು, ದಾನಿಗಳು ಕೇಳಿದ ಹಾಗೇ ಇದ್ದಾಳೆ. ಬೆನ್ನಿಗೆ ನಿಲ್ಲುವ ದೊಡ್ಡವರು ಯಾರೂ ಇಲ್ಲ. ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರುತ್ತಾಳೆ. ಆಗಲೇ ನಿಜ ಹೇಳಿ ತೋರಿಸಿದವಳ ಬಗ್ಗೆ ಹೀಗೆ ಅಂದುಕೊಳ್ಳಬೇಕಾದರೆ ನಿಜಕ್ಕೂ ತುಂಬ ಹಸಿದಿರಬೇಕು.

ಕಡ್ಡಿಗೆ ನಡೆದದ್ದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಹೇಳಿದ ನಿಜ ಆ ಹಾಲಿನಲ್ಲಿ ಅರ್ಧ ಗಂಟೆಯೂ ಬದುಕಿರಲಿಲ್ಲ. ಅದು ಸತ್ತ ಜಾಗದಲ್ಲೇ ಅವಳಿಗೆ ಕುರ್ಚಿ ಹಾಕುತ್ತಿದ್ದರು. ಬೇಡ ಎಂದು ಹೇಳಿ ತಲೆಯೆತ್ತಿ ಮೆಟ್ಟಿಲು ಇಳಿಯಬಹುದಿತ್ತು, ಕೇಳಿದವರು ಶಭಾಷ್ ಎನ್ನುತ್ತಿದ್ದರು. ಶಭಾಷ್‌ನಿಂದ ಯಾರ ಬೆನ್ನೂ ತೊಳೆಯಲಾಗುವುದಿಲ್ಲ. ಅವಳು ಎರಡು ಷರತ್ತು ಹಾಕಿದಳು. ಸ್ನಾನದ ವ್ಯಾನು ನಿಲ್ಲಕೂಡದು. ರೋಗಿಯ ಕೋಣೆಯ ಹೊಸ್ತಿಲು ಕ್ಯಾಮೆರಾ ದಾಟಕೂಡದು.

ವಕೀಲರು ಹೌಹಾರಿದರು. "ಮತ್ತೆ ವರ್ಷ ವರ್ಷ ಪುಸ್ತಕದ ಆ ಪುಟಕ್ಕೆ ಏನಮ್ಮಾ ಹಾಕೋದು?"

"ಇರೋದನ್ನೇ ಹಾಕಿ," ಎಂದಳು ಕಡ್ಡಿ.

ಅಮ್ಮನಿಗೆ ಸುದ್ದಿ ಮುಟ್ಟಿದಾಗ ಅವಳು ಹೊಲಿಗೆಯಂತ್ರ ನಿಲ್ಲಿಸಿದಳು. ಮಗಳು ಹುಟ್ಟಿದ ದಿನವೂ ಅದನ್ನು ಮಧ್ಯಾಹ್ನದವರೆಗೆ ನಿಲ್ಲಿಸಿರಲಿಲ್ಲವಂತೆ. ಕತೆ ಪೂರ್ತಿ ಕೇಳಿದ ಮೇಲೆ ದಾರ ಕಡಿಯುತ್ತ, ಹಾಗಾದ್ರೆ ಸುಳ್ಳಿನ ಮೇಲೆ ಕೂತ್ಕೊಂಡೆ ಅನ್ನು ಎಂದಳು. ಹೌದು ಎಂದಳು ಮಗಳು. ಮೆತ್ತಗಿದೆಯಾ ಎಂದಳು ಅಮ್ಮ. ಚುಚ್ಚುತ್ತೆ ಎಂದಳು ಮಗಳು. ಚುಚ್ಚಲಿ, ಚುಚ್ಚೋ ತನಕ ಪರವಾಗಿಲ್ಲ, ಮೆತ್ತಗಾದ ದಿನ ಎದ್ದುಬಿಡು ಎಂದು ಯಂತ್ರ ತುಳಿಯಲು ಶುರುಮಾಡಿದಳು.

ಕಡ್ಡಿ ಇನ್ನೂ ಎದ್ದಿಲ್ಲ. ಗಲ್ಲಿಗಲ್ಲಿಗೆ ಹೋಗುವ ವ್ಯಾನು ಈಗ ಎರಡಾಗಿದೆ. ಪುಸ್ತಕದಲ್ಲಿ ಪ್ರತಿವರ್ಷ ಅದೇ ಫೋಟೋ ಅಚ್ಚಾಗುತ್ತದೆ. ಹಳೆಯ ಅಧ್ಯಕ್ಷರು, ಗಂಜಿ ಹಾಕಿದ ಬಿಳಿ ಅಂಗಿ, ಬಕೆಟಿನ ಅಂಚು ಹಿಡಿದ ಕೈ, ತುಟಿಯ ಕೊನೆಯ ನಗು. ದಾನಿಮಂಡಳಿಯವರು ಒಂದು ವರ್ಷವೂ ತಪ್ಪದೆ ಫೋನು ಮಾಡಿ ಬೆರಗುಪಡುತ್ತಾರೆ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಿ ಅವರನ್ನು, ಇಷ್ಟು ವರ್ಷದಿಂದ ಮಲಗಿದಲ್ಲೇ ಇದ್ದರೂ ಒಂದು ಕೂದಲು ನರೆತಿಲ್ಲ, ಅಂಗಿಯ ಮೇಲೆ ಒಂದು ಸುಕ್ಕು ಬಿದ್ದಿಲ್ಲ ಎನ್ನುತ್ತಾರೆ.